ಪದವಿ ಒಂದು ಕಡೆ, ಲೈಸೆನ್ಸ್ ಇನ್ನೊಂದು ಕಡೆ: ಅಮೆರಿಕದಲ್ಲಿ ವಿಮಾನಯಾನ ಓದಲು ಹೊರಡುವ ಮುನ್ನ

ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ತೆಗೆದುಕೊಂಡು, ‘ಇಂಜಿನಿಯರಿಂಗ್ ಬೇಡ, ವಿಮಾನ ಹಾರಿಸ್ತೀನಿ’ ಎನ್ನುವ ಹುಡುಗ ಹುಡುಗಿಯರು ನಮ್ಮಲ್ಲಿ ಈಗ ಅಪರೂಪವಲ್ಲ. ಹಾಗೆ ಹೇಳಿದ ಮರುದಿನದಿಂದಲೇ ಮನೆಗೆ ಎರಡು ಬಗೆಯ ಸಲಹೆ ಬರತೊಡಗುತ್ತವೆ. ಇಲ್ಲೇ ಯಾವುದಾದರೂ ಫ್ಲೈಯಿಂಗ್ ಸ್ಕೂಲಿಗೆ ಸೇರಿಸಿ, ಒಂದೆರಡು ವರ್ಷದಲ್ಲಿ ಕಮರ್ಷಿಯಲ್ ಲೈಸೆನ್ಸ್ ಕೈಗೆ ಬರುತ್ತದೆ ಎನ್ನುವವರು ಕೆಲವರು. ಹೇಗೂ ಅಷ್ಟು ದುಡ್ಡು ಸುರಿಯುವುದಾದರೆ ಅಮೆರಿಕಕ್ಕೇ ಕಳಿಸಿ, ನಾಲ್ಕು ವರ್ಷದಲ್ಲಿ ಡಿಗ್ರಿಯೂ ಆಯಿತು, ಪೈಲಟ್ಟೂ ಆದಹಾಗಾಯಿತು ಎನ್ನುವವರು ಇನ್ನು ಕೆಲವರು.

ಎರಡನೆಯ ಸಲಹೆ ಸುಳ್ಳಲ್ಲ. ಆದರೆ ಅದನ್ನು ಕೊಡುವವರು ಒಂದು ವಿಷಯ ಬಿಟ್ಟು ಹೇಳುತ್ತಾರೆ. ಪದವಿ ಕೊಡುವುದು ವಿಶ್ವವಿದ್ಯಾಲಯ. ಪೈಲಟ್ ಲೈಸೆನ್ಸ್ ಕೊಡುವುದು ಆ ದೇಶದ ವಿಮಾನಯಾನ ಪ್ರಾಧಿಕಾರ, ಅಮೆರಿಕದಲ್ಲಾದರೆ ಎಫ್‌ಎಎ. ಅಲ್ಲಿ ಎಷ್ಟು ದಿನ ಇರಬಹುದು, ಏನು ಕೆಲಸ ಮಾಡಬಹುದು ಎಂದು ತೀರ್ಮಾನಿಸುವುದು ವಲಸೆ ಇಲಾಖೆ. ಊರಿಗೆ ಮರಳಿ ಇಂಡಿಗೋ, ಏರ್ ಇಂಡಿಯಾಗಳಲ್ಲಿ ಹಾರಬೇಕಾದರೆ ನಮ್ಮ ದೇಶದ ವಿಮಾನಯಾನ ಪ್ರಾಧಿಕಾರವಾದ ಡಿಜಿಸಿಎ ಹೊಸದಾಗಿ ಲೈಸೆನ್ಸ್ ಕೊಡಬೇಕು. ಇವರಲ್ಲಿ ಒಬ್ಬರು ಸೈ ಎಂದದ್ದಕ್ಕೆ ಇನ್ನೊಬ್ಬರು ತಲೆಯಾಡಿಸಬೇಕೆಂದೇನೂ ಇಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ರ್‍ಯಾಂಕ್ ಬಂದಿದೆ ಎಂದು ಆರ್‌ಟಿಒದವರು ಡಿಎಲ್ ಕೊಟ್ಟುಬಿಡುವುದಿಲ್ಲವಲ್ಲ, ಇದೂ ಹಾಗೆಯೇ. ವಿದೇಶಿ ವಿದ್ಯಾರ್ಥಿಯ ನಾಲ್ಕು ವರ್ಷಗಳ ಕಷ್ಟವೆಲ್ಲ ಹುಟ್ಟುವುದು ಈ ನಾಲ್ವರ ಲೆಕ್ಕಗಳು ಒಂದಕ್ಕೊಂದು ತಾಳೆಯಾಗದ ಕಡೆಗಳಲ್ಲಿ.

ಯಾವ ಪದವಿ ಎಂಬುದು ಮೊದಲ ಪ್ರಶ್ನೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಏರೋಸ್ಪೇಸ್ ಅಥವಾ ಏರೋನಾಟಿಕಲ್ ಇಂಜಿನಿಯರಿಂಗ್ ಎಂದರೆ ವಿಮಾನವನ್ನು ವಿನ್ಯಾಸ ಮಾಡುವ, ಕಟ್ಟುವ ವಿದ್ಯೆ. ಎಚ್‌ಎಎಲ್, ಎನ್‌ಎಎಲ್ ಇರುವ ಬೆಂಗಳೂರಿನವರಿಗೆ ಇದು ಪರಿಚಿತ ದಾರಿ. ವಿಮಾನಯಾನ ಪದವಿ ಅದಲ್ಲ. ಕಟ್ಟಿದ ವಿಮಾನವನ್ನು ಹಾರಿಸುವುದು, ಹಾರಾಟದ ವ್ಯವಸ್ಥೆಯನ್ನು ನಡೆಸುವುದು ಇದರ ವಸ್ತು. ಇದರೊಳಗೇ ಕವಲುಗಳಿವೆ: ಪೈಲಟ್ ತರಬೇತಿ ಸೇರಿದ ಪದವಿ, ವಿಮಾನಯಾನ ನಿರ್ವಹಣೆ, ಏರ್ ಟ್ರಾಫಿಕ್ ಕಂಟ್ರೋಲ್, ವಿಮಾನ ದುರಸ್ತಿ, ಸುರಕ್ಷತೆ, ಡ್ರೋನ್. ಹೆಸರುಗಳು ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ ಕೋರ್ಸಿನ ಹೆಸರು ನೋಡಿ ಮೋಸಹೋಗಬೇಡಿ. ಅದರೊಳಗೆ ಹಾರಾಟದ ತರಬೇತಿ ಇದೆಯೇ, ಇದ್ದರೆ ಯಾವ ಹಂತದವರೆಗೆ ಎಂಬುದನ್ನು ನೋಡಿ.

ಹೆಸರಾದ ಜಾಗಗಳು ಹಲವಿವೆ. ಎಂಬ್ರಿ-ರಿಡಲ್ ವಿಶ್ವವಿದ್ಯಾಲಯಕ್ಕೆ ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ಒಂದು, ಅರಿಜೋನಾದ ಪ್ರೆಸ್ಕಟ್‌ನಲ್ಲಿ ಇನ್ನೊಂದು ಕ್ಯಾಂಪಸ್. ಉತ್ತರದ ಗಡಿಯ ಗ್ರ್ಯಾಂಡ್ ಫೋರ್ಕ್ಸ್ ಊರಿನಲ್ಲಿ ಯೂನಿವರ್ಸಿಟಿ ಆಫ್ ನಾರ್ತ್ ಡಕೋಟಾ. ಇಂಡಿಯಾನಾದಲ್ಲಿ ಪರ್ಡ್ಯೂ, 1930ರ ದಶಕದಲ್ಲೇ ಸ್ವಂತ ವಿಮಾನ ನಿಲ್ದಾಣ ಮಾಡಿಕೊಂಡ ವಿಶ್ವವಿದ್ಯಾಲಯ. ನೀಲ್ ಆರ್ಮ್‌ಸ್ಟ್ರಾಂಗ್ ಓದಿದ್ದು ಅಲ್ಲೇ, ಆದರೆ ಇಂಜಿನಿಯರಿಂಗನ್ನು.

ಈ ಕವಲುಗಳಲ್ಲಿ ವಿದೇಶಿಯರಿಗೆ ತೆರೆಯದ ಬಾಗಿಲುಗಳೂ ಇವೆ. ಏರ್ ಟ್ರಾಫಿಕ್ ಕಂಟ್ರೋಲ್ ಕೋರ್ಸಿಗೆ ಭಾರತದ ವಿದ್ಯಾರ್ಥಿ ಸೇರಬಹುದು, ಚೆನ್ನಾಗಿ ಓದಬಹುದು. ಆದರೆ ಎಫ್‌ಎಎ ಕಂಟ್ರೋಲರ್ ಆಗಬೇಕಾದರೆ ಅಮೆರಿಕದ ಪೌರತ್ವ ಬೇಕು. ಊರಿಗೆ ಬಂದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದಲ್ಲಿ ಅದೇ ಕೆಲಸ ಹಿಡಿಯೋಣವೆಂದರೆ, ಇಲ್ಲಿ ಕೇಳುವುದು ಭೌತಶಾಸ್ತ್ರ ಮತ್ತು ಗಣಿತ ಓದಿದ ಬಿಎಸ್ಸಿ ಅಥವಾ ಇಂಜಿನಿಯರಿಂಗ್ ಪದವಿ. ‘ಏರ್ ಟ್ರಾಫಿಕ್’ ಎಂದೇ ಬರೆದಿರುವ ಪದವಿ ಈ ಚೌಕಟ್ಟಿಗೆ ತಾನಾಗಿ ಹೊಂದುವುದಿಲ್ಲ. ನಾಲ್ಕು ವರ್ಷ ಓದಿ ಎರಡೂ ದಡಕ್ಕೆ ಸಲ್ಲದೆ ಉಳಿಯುವುದು ಹೀಗೆ.

ಇನ್ನು ಈ ಲೇಖನ ಪೈಲಟ್ ಪದವಿಯ ಕುರಿತು. ಹೆಚ್ಚಿನವರು ಕೇಳುವುದೂ ಅದನ್ನೇ, ಹೆಚ್ಚು ತೊಡಕು ಇರುವುದೂ ಅದರಲ್ಲೇ.

ಗಂಟೆಗಳ ಲೆಕ್ಕ

ಮಾಮೂಲಿ ಅಮೆರಿಕನ್ ಪದವಿಗೆ ಸುಮಾರು 120 ಕ್ರೆಡಿಟ್. ಅದರಲ್ಲಿ ಇಂಗ್ಲಿಷ್, ಗಣಿತ, ಭೌತಶಾಸ್ತ್ರ, ಸಮಾಜ ವಿಜ್ಞಾನ ಎಲ್ಲ ಇರುತ್ತವೆ. ಏರೋಡೈನಾಮಿಕ್ಸ್, ಹವಾಮಾನ, ವಿಮಾನಯಾನ ಕಾನೂನು, ಜೆಟ್ ಎಂಜಿನ್, ಸುರಕ್ಷತಾ ನಿರ್ವಹಣೆ, ಮಾನವ ವರ್ತನೆಯ ಪಾಠಗಳೂ ಇರುತ್ತವೆ. ಇದರ ಪಕ್ಕದಲ್ಲೇ ಹಾರಾಟದ ಕೋರ್ಸುಗಳು ಒಂದೊಂದಾಗಿ ಸಾಗುತ್ತವೆ: ಮೊದಲು ಪ್ರೈವೇಟ್ ಪೈಲಟ್, ಆಮೇಲೆ ಮೋಡದೊಳಗೆ ಉಪಕರಣ ನೋಡಿಕೊಂಡೇ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗ್, ಬಳಿಕ ಕಮರ್ಷಿಯಲ್, ಎರಡು ಎಂಜಿನ್‌ಗಳ ವಿಮಾನಕ್ಕೆ ಮಲ್ಟಿ-ಎಂಜಿನ್, ಕೊನೆಗೆ ಬೇಕಾದವರಿಗೆ ಇನ್‌ಸ್ಟ್ರಕ್ಟರ್ ಅರ್ಹತೆ.

ಎಫ್‌ಎಎ ನಿಯಮದಲ್ಲಿ ತರಬೇತಿಗೆ ಎರಡು ದಾರಿ. ಪಾರ್ಟ್ 61 ಸಡಿಲ, ಇನ್‌ಸ್ಟ್ರಕ್ಟರ್ ಮತ್ತು ವಿದ್ಯಾರ್ಥಿ ತಮ್ಮ ಅನುಕೂಲಕ್ಕೆ ತಕ್ಕಂತೆ ಪಾಠ ಹೊಂದಿಸಿಕೊಳ್ಳಬಹುದು. ಆ ದಾರಿಯಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ ಕನಿಷ್ಠ 250 ಗಂಟೆ ಬೇಕು. ಪಾರ್ಟ್ 141 ಎಫ್‌ಎಎ ಒಪ್ಪಿದ ಪಠ್ಯಕ್ರಮದ ಪ್ರಕಾರವೇ ನಡೆಯುವ ಶಾಲೆಗಳದು. ಅಲ್ಲಿ ಪ್ರೈವೇಟ್ 35, ಇನ್‌ಸ್ಟ್ರುಮೆಂಟ್ 35, ಕಮರ್ಷಿಯಲ್ 120, ಒಟ್ಟು 190 ಗಂಟೆಗೆ ಮುಗಿಯಬಹುದು. ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ 141ರ ಹಾದಿಯವು. ಕಡಿಮೆ ಗಂಟೆ ಎಂದರೆ ಕಡಿಮೆ ಖರ್ಚು, ಹಾಗಾಗಿ ಅದನ್ನು ಲಾಭವೆಂದೇ ಜಾಹೀರಾತು ಮಾಡುತ್ತಾರೆ.

ಅಮೆರಿಕನ್ನರಿಗೆ ಅದು ಲಾಭವೇ. ನಮ್ಮವರು ಮಾತ್ರ ಇಲ್ಲಿ ಸ್ವಲ್ಪ ನಿಲ್ಲಬೇಕು. ಡಿಜಿಸಿಎ ಕಮರ್ಷಿಯಲ್ ಲೈಸೆನ್ಸಿಗೆ ಕೇಳುವುದು 200 ಗಂಟೆ. ಅದರಲ್ಲಿ 100 ಗಂಟೆ ಪೈಲಟ್-ಇನ್-ಕಮಾಂಡ್ ಆಗಿ, ಅಂದರೆ ವಿಮಾನದ ಹೊಣೆ ನೀವೇ ಹೊತ್ತು ಹಾರಿದ್ದಾಗಿರಬೇಕು. 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ ಒಂದು ಕ್ರಾಸ್ ಕಂಟ್ರಿ, ಅಂದರೆ ಊರಿಂದೂರಿಗೆ ದೂರದ ಹಾರಾಟ, ಆಗಿರಬೇಕು, ಅದರ ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ನಿಂತಿರಬೇಕು. ರಾತ್ರಿ ಹಾರಾಟಕ್ಕೂ ಪ್ರತ್ಯೇಕ ಲೆಕ್ಕವಿದೆ. 190ಕ್ಕೂ 200ಕ್ಕೂ ಹತ್ತೇ ಗಂಟೆ ವ್ಯತ್ಯಾಸ, ಅದೇನು ಮಹಾ ಎನಿಸಬಹುದು. ನಿಜವಾದ ಪೇಚು ಆ ಹತ್ತರಲ್ಲಿ ಇಲ್ಲ, 100ರಲ್ಲಿ ಇದೆ.

ಅಮೆರಿಕದ ನಿಯಮದ ಪ್ರಕಾರ, ಪ್ರೈವೇಟ್ ಲೈಸೆನ್ಸ್ ಸಿಕ್ಕಮೇಲೆ ಆ ಬಗೆಯ ವಿಮಾನವನ್ನು ನೀವೊಬ್ಬರೇ ಕೈಯಾರೆ ಹಾರಿಸುತ್ತಿದ್ದರೆ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತು ಪಾಠ ಹೇಳುತ್ತಿದ್ದರೂ ಆ ಗಂಟೆಯನ್ನು ಲಾಗ್‌ಬುಕ್ಕಿನಲ್ಲಿ ಪೈಲಟ್-ಇನ್-ಕಮಾಂಡ್ ಎಂದು ಬರೆದುಕೊಳ್ಳಬಹುದು. ಅದು ಅಲ್ಲಿ ಕಾನೂನುಬದ್ಧ, ಎಲ್ಲರೂ ಮಾಡುವುದು. ನಮ್ಮ ಕಡೆಯ ಲೆಕ್ಕದಲ್ಲಿ ಇನ್‌ಸ್ಟ್ರಕ್ಟರ್ ಪಾಠ ಹೇಳುತ್ತಾ ಕೂತ ಗಂಟೆ ಡ್ಯೂಯಲ್, ಅದು ಕಮಾಂಡ್ ಅಲ್ಲ. ಲಾಗ್‌ಬುಕ್ಕಿನಲ್ಲಿ 140 ಎಂದಿದ್ದ ಸಂಖ್ಯೆ ದೆಹಲಿಯ ಮೇಜಿನ ಮೇಲೆ 70ಕ್ಕೆ ಇಳಿಯುವುದು ಹೀಗೆ. 141ರ ಬಿಗಿಯಾದ ಪಠ್ಯಕ್ರಮದಲ್ಲಿ ಒಬ್ಬರೇ ಹಾರುವ ಗಂಟೆಗಳು ಮೊದಲೇ ಕಡಿಮೆ. ಹಾಗಾಗಿ ಭಾರತಕ್ಕೆ ಮರಳುವ ಉದ್ದೇಶವಿದ್ದರೆ ಮೊದಲ ಸೋಲೋ ದಿನದಿಂದಲೇ ಎರಡು ಲೆಕ್ಕ ಇಟ್ಟುಕೊಳ್ಳುವುದು ಜಾಣತನ. ಉಳಿದ ಕಮಾಂಡ್ ಗಂಟೆಗಳನ್ನು ಅಲ್ಲೇ, ವಿಮಾನ ಸುಲಭವಾಗಿ ಬಾಡಿಗೆಗೆ ಸಿಗುವಾಗಲೇ ತುಂಬಿಕೊಳ್ಳಬೇಕು.

ಇದು ಅಮೆರಿಕದ ಒಬ್ಬರದೇ ಸಮಸ್ಯೆಯಲ್ಲ. ಆಸ್ಟ್ರೇಲಿಯಾದಲ್ಲಿ ಸಮಗ್ರ ಕೋರ್ಸಿನ ಕಮರ್ಷಿಯಲ್ ಲೈಸೆನ್ಸ್ 150 ಗಂಟೆಗೇ ಸಿಗುತ್ತದೆ, ಅಲ್ಲಿಂದ ಬಂದವರಿಗೆ 50 ಗಂಟೆಯ ಕೊರತೆ. ಇದರ ಬೇರು 1944ರ ಷಿಕಾಗೋ ಒಪ್ಪಂದದಲ್ಲಿದೆ. ನಾಗರಿಕ ವಿಮಾನಯಾನಕ್ಕೆ ಜಗತ್ತಿಗೆಲ್ಲ ಒಂದು ಚೌಕಟ್ಟು ಹಾಕಿದ ಆ ಒಪ್ಪಂದ, ಲೈಸೆನ್ಸಿಗೆ ಕನಿಷ್ಠ ಮಟ್ಟವೊಂದನ್ನು ಗೊತ್ತು ಮಾಡುವ ವ್ಯವಸ್ಥೆ ತಂದಿತು. ಲೈಸೆನ್ಸ್ ಕೊಡುವ ಅಧಿಕಾರವನ್ನು ಮಾತ್ರ ಆಯಾ ದೇಶದ ಕೈಯಲ್ಲೇ ಬಿಟ್ಟಿತು.

1500 ಗಂಟೆಯ ಕಾನೂನು

2009ರ ಫೆಬ್ರುವರಿ 12ರ ರಾತ್ರಿ ಕೋಲ್ಗನ್ ಏರ್ ಸಂಸ್ಥೆಯ 3407 ಸಂಖ್ಯೆಯ ವಿಮಾನ ನ್ಯೂಯಾರ್ಕ್ ರಾಜ್ಯದ ಬಫಲೋ ಬಳಿ ಮನೆಯೊಂದರ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನರೂ ಮನೆಯಲ್ಲಿದ್ದ ಒಬ್ಬರೂ ಸತ್ತರು. ಸತ್ತವರ ಕುಟುಂಬಗಳು ಹೋರಾಡಿ 2010ರಲ್ಲಿ ಹೊಸ ಕಾನೂನು ಬರುವಂತೆ ಮಾಡಿದವು, 2013ರಿಂದ ಅದರ ನಿಯಮ ಜಾರಿಯಾಯಿತು. ಅಲ್ಲಿಯವರೆಗೆ 250 ಗಂಟೆಯ ಕಮರ್ಷಿಯಲ್ ಲೈಸೆನ್ಸ್ ಇದ್ದವರೂ ಏರ್‌ಲೈನ್‌ನಲ್ಲಿ ಕೋ-ಪೈಲಟ್ ಆಗಬಹುದಿತ್ತು. ಈಗ 1500 ಗಂಟೆಯ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಅರ್ಹತೆ ಬೇಕು. (ಆ ರಾತ್ರಿ ವಿಮಾನ ಹಾರಿಸುತ್ತಿದ್ದ ಇಬ್ಬರಿಗೂ 1500 ಗಂಟೆಗಿಂತ ಹೆಚ್ಚು ಅನುಭವವಿತ್ತು ಎಂಬುದನ್ನು ಈ ನಿಯಮದ ಟೀಕಾಕಾರರು ಇಂದಿಗೂ ಎತ್ತಿ ಹೇಳುತ್ತಾರೆ.)

ಪದವಿಗೆ ಅಮೆರಿಕದಲ್ಲಿ ಬೆಲೆ ಬಂದದ್ದು ಇದೇ ನಿಯಮದ ಒಂದು ವಿನಾಯಿತಿಯಿಂದ. ಎಫ್‌ಎಎ ಮಾನ್ಯತೆ ಕೊಟ್ಟ ವಿಶ್ವವಿದ್ಯಾಲಯದಲ್ಲಿ ವಿಮಾನಯಾನ ಪದವಿ ಮುಗಿಸಿ, ಅದರಲ್ಲಿ 60 ಕ್ರೆಡಿಟ್ ವಿಮಾನಯಾನ ವಿಷಯಗಳನ್ನೇ ಓದಿದ್ದು, ತರಬೇತಿಯನ್ನೂ ಆ ವ್ಯವಸ್ಥೆಯಲ್ಲೇ ಪಡೆದಿದ್ದರೆ 1500ರ ಬದಲು 1000 ಗಂಟೆ ಸಾಕು. ವಯಸ್ಸಿನ ಮಿತಿಯೂ 23ರಿಂದ 21ಕ್ಕೆ ಇಳಿಯುತ್ತದೆ. ಅಮೆರಿಕದ ಹುಡುಗನಿಗೆ ಇದು ತಿಂಗಳುಗಟ್ಟಲೆ ಉಳಿತಾಯ, ಆದ್ದರಿಂದಲೇ ಎಲ್ಲ ಕರಪತ್ರಗಳಲ್ಲೂ ಈ ಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ.

ವಿದೇಶಿ ವಿದ್ಯಾರ್ಥಿಯ ಪಾಲಿಗೆ ಇದರ ಬೆಲೆ ಎಷ್ಟು? ನಾಲ್ಕನೇ ವರ್ಷದ ಕೊನೆಗೆ ಸಾಮಾನ್ಯವಾಗಿ 250, 300 ಗಂಟೆ ಆಗಿರುತ್ತದೆ. ಉಳಿದ 700 ಗಂಟೆಗೆ ಎಲ್ಲರೂ ಹಿಡಿಯುವ ದಾರಿ ಒಂದೇ, ಇನ್‌ಸ್ಟ್ರಕ್ಟರ್ ಆಗಿ ಹೊಸಬರಿಗೆ ಹಾರಾಟ ಕಲಿಸುವುದು. ಪದವಿ ಮುಗಿದಮೇಲೆ ಸಿಗುವ ಕೆಲಸದ ಪರವಾನಗಿ, ಓಪಿಟಿ, ಹನ್ನೆರಡು ತಿಂಗಳದು. ತಿಂಗಳಿಗೆ ಸರಾಸರಿ 60 ಗಂಟೆ ಹಾರಿದರೆ ವರ್ಷಕ್ಕೆ 720. ಬಿರುಗಾಳಿ, ಕಾಯಿಲೆ, ರಿಪೇರಿಗೆ ನಿಂತ ವಿಮಾನ ಯಾವುದೂ ಅಡ್ಡ ಬರದಿದ್ದರೆ, 1000 ತುಂಬುವ ಹೊತ್ತಿಗೆ ಸರಿಯಾಗಿ ಪರವಾನಗಿ ಮುಗಿದಿರುತ್ತದೆ! ಆಮೇಲೆ ಅಮೆರಿಕದ ಏರ್‌ಲೈನ್ ಸೇರಲು ಅಲ್ಲಿ ಕೆಲಸ ಮಾಡುವ ಕಾಯಂ ಹಕ್ಕು ಬೇಕು. ಸಾಫ್ಟ್‌ವೇರ್‌ನವರು ಏರುವ ಎಚ್-1ಬಿ ಏಣಿ ಪೈಲಟ್‌ಗಳಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಆ ವೀಸಾ ಕೇಳುವುದು ನಿರ್ದಿಷ್ಟ ಪದವಿ ಇಲ್ಲದೆ ಮಾಡಲಾಗದ ಕೆಲಸವನ್ನು. ಪೈಲಟ್ ಕೆಲಸಕ್ಕೆ ಕಾನೂನು ಪದವಿಯನ್ನೇ ಕೇಳುವುದಿಲ್ಲ. ಡೆಲ್ಟಾದಂಥ ದೊಡ್ಡ ಏರ್‌ಲೈನ್ ಕೂಡ 2022ರಲ್ಲಿ ಪದವಿಯ ಷರತ್ತನ್ನು ಕೈಬಿಟ್ಟಿತು.

ಅಂದರೆ, ಪದವಿಯ ಅತಿ ದೊಡ್ಡ ಆಕರ್ಷಣೆ ಎಂದು ತೋರಿಸುವ ವಿನಾಯಿತಿ ಮುಖ್ಯವಾಗಿ ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದವರಿಗೆ. ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸಿನಲ್ಲೋ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳಿಗೆ ಇದು ನೇರ ಪ್ರಯೋಜನ. ಹಾಸನದಿಂದ ಹೋದವರಿಗೆ ಅಷ್ಟಿಲ್ಲ. ಆದರೂ ಇನ್‌ಸ್ಟ್ರಕ್ಟರ್ ಆಗಿ ಹಾರಿದ ಆ ಒಂದು ವರ್ಷ ವ್ಯರ್ಥವಲ್ಲ. ಅದಕ್ಕೆ ಸಂಬಳ ಬರುತ್ತದೆ, ಕಮಾಂಡ್ ಗಂಟೆಗಳ ಚಿಂತೆಯೂ ಅಲ್ಲಿಗೆ ತೀರುತ್ತದೆ.

ವೀಸಾ, ಬೆರಳಚ್ಚು

ಹಾರಾಟ ಕಲಿಯಲು ಹೋಗುವವರಿಗೆ ಎರಡು ಬಗೆಯ ವಿದ್ಯಾರ್ಥಿ ವೀಸಾ ಇವೆ. ಪದವಿ ಓದುವವರಿಗೆ ಎಫ್-1, ಬರೀ ಫ್ಲೈಯಿಂಗ್ ಸ್ಕೂಲಿಗೆ ಹೋಗುವವರಿಗೆ ಬಹುಮಟ್ಟಿಗೆ ಎಂ-1. ಎಂ-1ರಲ್ಲಿ ಓದುವಾಗ ಕೆಲಸಕ್ಕೆ ಅವಕಾಶವಿಲ್ಲ, ಮುಗಿದಮೇಲೂ ಹೆಚ್ಚೆಂದರೆ ಆರು ತಿಂಗಳು. ಅಲ್ಲಿದ್ದುಕೊಂಡೇ ಎಂ-1ರಿಂದ ಎಫ್-1ಕ್ಕೆ ಬದಲಾಗಲೂ ಬರುವುದಿಲ್ಲ. ‘ಮೊದಲು ಲೈಸೆನ್ಸ್ ಮಾಡೋಣ, ಆಮೇಲೆ ಅಲ್ಲೇ ಡಿಗ್ರಿಗೆ ಸೇರೋಣ’ ಎಂಬ ಯೋಜನೆ ಇಲ್ಲಿ ಮುಗ್ಗರಿಸುತ್ತದೆ.

ಎಫ್-1ಕ್ಕೆ ವಿಶ್ವವಿದ್ಯಾಲಯ ಐ-20 ಎಂಬ ಪತ್ರ ಕೊಡಬೇಕು. ಅದಕ್ಕೆ ಮೊದಲ ವರ್ಷದ ಖರ್ಚಿನಷ್ಟು ಹಣವಿದೆ ಎಂದು ತೋರಿಸಬೇಕು. ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸರ್ಕಾರಿ ವ್ಯವಸ್ಥೆಯಾದ ಸೆವಿಸ್‌ಗೆ 350 ಡಾಲರ್ ಶುಲ್ಕ ಕಟ್ಟಿ, ಆಮೇಲೆ ಸಂದರ್ಶನ. ಸೇರಿದಮೇಲೆ ಪ್ರತಿ ಸೆಮಿಸ್ಟರ್ 12 ಕ್ರೆಡಿಟ್‌ಗೆ ಕಡಿಮೆಯಾಗದಂತೆ ಓದಬೇಕು, ಕ್ಯಾಂಪಸ್ಸಿನೊಳಗೆ ಮಾತ್ರ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಇಲ್ಲಿ ಗಮನಿಸಬೇಕಾದದ್ದು ಹಾರಾಟದ ಕೋರ್ಸುಗಳ ಕ್ರೆಡಿಟ್. ಮಳೆಗಾಲದಲ್ಲಿ ಹಾರಾಟ ರದ್ದಾಗಿ ಕೋರ್ಸ್ ಆ ಸೆಮಿಸ್ಟರಿಗೆ ಮುಗಿಯದಿದ್ದರೆ ಅದರ ನಂತರದ್ದಕ್ಕೆ ಸೇರಲಾಗದು. ಆಗ 12ರ ಲೆಕ್ಕ ತುಂಬಿಸಲು ಬೇರೆ ವಿಷಯ ಹುಡುಕಬೇಕು. ಪ್ರತಿ ಸೆಮಿಸ್ಟರ್ ಇದನ್ನು ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಜೊತೆ ಕೂತು ನೋಡಿಕೊಳ್ಳುವುದೇ ಮೇಲು.

ಓಪಿಟಿಗೆ ಇನ್ನೆರಡು ಮಾತು. ವಿಜ್ಞಾನ, ತಂತ್ರಜ್ಞಾನ ಪಟ್ಟಿಯಲ್ಲಿರುವ ಕೋರ್ಸುಗಳಿಗೆ ಅದು 24 ತಿಂಗಳು ವಿಸ್ತರಣೆಯಾಗುತ್ತದೆ. ನಿಮ್ಮ ಪದವಿ ಆ ಪಟ್ಟಿಯಲ್ಲಿದೆಯೇ ಎಂಬುದು ಕೋರ್ಸಿನ ಹೆಸರಿನಿಂದ ಗೊತ್ತಾಗುವುದಿಲ್ಲ, ಐ-20ರಲ್ಲಿ ಬರೆದಿರುವ, ಕೋರ್ಸಿನ ವರ್ಗ ಸೂಚಿಸುವ ಸಂಖ್ಯೆಯಿಂದ ಗೊತ್ತಾಗುತ್ತದೆ. ಒಂದೇ ವಿಷಯಕ್ಕೆ ಎರಡು ವಿಶ್ವವಿದ್ಯಾಲಯ ಬೇರೆ ಸಂಖ್ಯೆ ಹಾಕಿರಬಹುದು, ಆದ್ದರಿಂದ ಸೀಟು ಒಪ್ಪಿಕೊಳ್ಳುವ ಮೊದಲೇ ಕೇಳಿ. ಇನ್ನೊಂದು, ಮೊದಲ ಹನ್ನೆರಡು ತಿಂಗಳ ಓಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ.

ವೀಸಾ ಸಿಕ್ಕರೂ ವಿಮಾನದ ಕೀಲಿ ಕೈಗೆ ಬರುವುದಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಕೋರರಲ್ಲಿ ಕೆಲವರು ಅಮೆರಿಕದ ಫ್ಲೈಯಿಂಗ್ ಸ್ಕೂಲುಗಳಲ್ಲೇ ಕಲಿತಿದ್ದರು. ಅಂದಿನಿಂದ ವಿದೇಶಿ ವಿದ್ಯಾರ್ಥಿಯ ಹಿನ್ನೆಲೆಯನ್ನು ಸಾರಿಗೆ ಭದ್ರತಾ ಸಂಸ್ಥೆ, ಟಿಎಸ್ಎ, ಬೆರಳಚ್ಚು ತೆಗೆದುಕೊಂಡು ಪರಿಶೀಲಿಸುತ್ತದೆ. ಹಿಂದೆ ಪ್ರೈವೇಟ್‌ಗೊಮ್ಮೆ, ಇನ್‌ಸ್ಟ್ರುಮೆಂಟ್‌ಗೊಮ್ಮೆ, ಮಲ್ಟಿ-ಎಂಜಿನ್‌ಗೊಮ್ಮೆ ಹೊಸದಾಗಿ ಅರ್ಜಿ ಹಾಕಬೇಕಿತ್ತು. 2024ರ ತಿದ್ದುಪಡಿಯ ಬಳಿಕ ಒಂದು ಪರಿಶೀಲನೆ ಐದು ವರ್ಷದವರೆಗೆ ನಡೆಯುತ್ತದೆ, ಪದವಿಯ ಅವಧಿಗೆ ಸಾಕು. ಆದರೂ ಮೊದಲ ಸೆಮಿಸ್ಟರಿನಲ್ಲಿ ಅಮೆರಿಕದ ಸಹಪಾಠಿಗಳು ಹಾರತೊಡಗಿದಮೇಲೆ ನೀವು ಕೆಲವು ವಾರ ನೆಲದ ಮೇಲೇ ಉಳಿಯಬಹುದು.

ವೈದ್ಯರ ಕೋಣೆ

ದುಡ್ಡು ಕಟ್ಟುವ ಮೊದಲು ಮಾಡಲೇಬೇಕಾದ ಕೆಲಸ ವೈದ್ಯಕೀಯ ಪರೀಕ್ಷೆ. ಅಮೆರಿಕದ ಏರ್‌ಲೈನ್ ಪೈಲಟ್‌ಗೆ ಎಫ್‌ಎಎ ಮೊದಲ ದರ್ಜೆ ಬೇಕು, ಭಾರತದಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ ಡಿಜಿಸಿಎ ಕ್ಲಾಸ್ 1. ಎರಡನ್ನೂ ಮಾಡಿಸಿಕೊಳ್ಳಿ. ಕ್ಲಾಸ್ 1 ನಡೆಸುವ ಕೇಂದ್ರಗಳಲ್ಲಿ ಹಳೆಯದೂ ಹೆಸರಾದದ್ದೂ ಆದ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಕನ್ನಡಕ ಹಾಕಿದವರು ಪೈಲಟ್ ಆಗಲಾರರು ಎಂಬುದು ವಾಯುಪಡೆಯ ನಿಯಮಗಳಿಂದ ಹಬ್ಬಿದ ನಂಬಿಕೆ. ನಾಗರಿಕ ವಿಮಾನಯಾನದಲ್ಲಿ ಕನ್ನಡಕ ಹಾಕಿದಮೇಲೆ ದೃಷ್ಟಿ ಸರಿಯಾದರೆ ಸಾಕು. ಬಣ್ಣಗುರುಡು, ಹೃದಯದ ಕೆಲವು ತೊಂದರೆ, ಮೂರ್ಛೆರೋಗ ಬೇರೆ ಮಾತು.

ಮನಸ್ಸಿನ ಆರೋಗ್ಯದ ವಿಷಯವನ್ನು ನಮ್ಮ ಮನೆಗಳಲ್ಲಿ ಮಾತಾಡುವುದಿಲ್ಲ, ಆದರೆ ಇಲ್ಲಿ ಮಾತಾಡದೆ ವಿಧಿಯಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಮನೆ ಬಿಟ್ಟು, ಹೆಪ್ಪುಗಟ್ಟುವ ಊರಿನಲ್ಲಿ, ಸಾಲದ ಹೊರೆಯ ಜೊತೆ ಇರುವವರಿಗೆ ಖಿನ್ನತೆ ಬಂದರೆ ಆಶ್ಚರ್ಯವಿಲ್ಲ. ಎಫ್‌ಎಎ ಅರ್ಜಿ ವೈದ್ಯರ ಭೇಟಿ, ಔಷಧಿ ಎಲ್ಲವನ್ನೂ ಕೇಳುತ್ತದೆ. ಹೇಳಿದರೆ ಹಾರಾಟ ನಿಲ್ಲುತ್ತದೆ ಎಂಬ ಭಯದಿಂದ ವಿದ್ಯಾರ್ಥಿಗಳು ವೈದ್ಯರ ಹತ್ತಿರವೇ ಹೋಗದೆ ಉಳಿಯುತ್ತಾರೆ, ಇದು ಅಲ್ಲಿ ದೊಡ್ಡ ಚರ್ಚೆಯ ವಿಷಯ. 2010ರಿಂದ ಖಿನ್ನತೆಯ ಕೆಲವು ಔಷಧಿ ತೆಗೆದುಕೊಳ್ಳುವವರಿಗೂ ವಿಶೇಷ ಪರಿಶೀಲನೆಯ ಮೇಲೆ ಅನುಮತಿ ಸಿಗುತ್ತದೆ, ಆದರೆ ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಸುಳ್ಳು ಬರೆಯುವುದು ಅಪರಾಧ. ಒಂದು ಸೆಮಿಸ್ಟರ್ ತಡವಾದರೂ ಪರವಾಗಿಲ್ಲ ಎಂದು ಅಪ್ಪ ಅಮ್ಮ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಮಕ್ಕಳಿಗೆ ಅರ್ಧ ಭಾರ ಇಳಿಯುತ್ತದೆ.

ಊರು ಮತ್ತು ಹಣ

ಎಲ್ಲಿ ಕಲಿಯುತ್ತೀರಿ ಎಂಬುದು ಹವೆಯ ಪ್ರಶ್ನೆ. ಡೇಟೋನಾ ಬೀಚ್‌ನಲ್ಲಿ ಚಳಿಗಾಲ ಹಾರಾಟಕ್ಕೆ ಹಬ್ಬ, ಬೇಸಿಗೆಯ ಮಧ್ಯಾಹ್ನ ಗುಡುಗುಮಳೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಚಂಡಮಾರುತದ ಭಯ. ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಜನವರಿಯ ಉಷ್ಣಾಂಶ ಮೈನಸ್ 30ಕ್ಕೂ ಇಳಿಯುವುದುಂಟು. ಹಾಗಿದ್ದೂ ವಿದ್ಯಾರ್ಥಿಗಳ ಹಾರಾಟದ ದೆಸೆಯಿಂದಲೇ ಆ ಸಣ್ಣ ಊರಿನ ನಿಲ್ದಾಣ ಅಮೆರಿಕದ ಅತಿ ಚಟುವಟಿಕೆಯ ನಿಲ್ದಾಣಗಳ ಸಾಲಿನಲ್ಲಿದೆ. ಪ್ರೆಸ್ಕಟ್ ಐದು ಸಾವಿರ ಅಡಿ ಎತ್ತರದಲ್ಲಿದೆ. ಬಿಸಿಲೇರಿದಾಗ ಗಾಳಿ ತೆಳುವಾಗಿ ಸಣ್ಣ ಎಂಜಿನ್ ಏದುಸಿರು ಬಿಡುತ್ತದೆ. ಕಷ್ಟದ ಹವೆಯಲ್ಲಿ ಕಲಿತವರು ಒಳ್ಳೆಯ ಪೈಲಟ್ ಆಗುತ್ತಾರೆ ಎಂಬ ಮಾತಿದೆ, ನನಗೂ ಅದು ಸ್ವಲ್ಪ ನಿಜವೆನಿಸುತ್ತದೆ. ಆದರೆ ಹವೆ ಕೆಟ್ಟ ದಿನಕ್ಕೂ ಬಾಡಿಗೆ, ಊಟ, ವೀಸಾದ ದಿನಗಳು ಕರಗುತ್ತಲೇ ಇರುತ್ತವೆ.

ಹಣದ ವಿಷಯದಲ್ಲಿ ಒಂದೇ ಎಚ್ಚರ: ಬೋಧನಾ ಶುಲ್ಕದಲ್ಲಿ ಹಾರಾಟದ ಶುಲ್ಕ ಸೇರಿರುವುದಿಲ್ಲ. ಹೆಸರಾದ ಖಾಸಗಿ ವಿಶ್ವವಿದ್ಯಾಲಯದ ಬೋಧನಾ ಶುಲ್ಕವೇ ವರ್ಷಕ್ಕೆ 40 ಸಾವಿರ ಡಾಲರ್ ದಾಟುತ್ತದೆ. ಇನ್‌ಸ್ಟ್ರಕ್ಟರ್ ಜೊತೆ ಸೆಸ್ನಾ 172 ಎಂಬ ಸಣ್ಣ ತರಬೇತಿ ವಿಮಾನದ ಒಂದು ಗಂಟೆಗೆ 200 ಡಾಲರ್ ಮೀರುವುದು ಈಗ ಸಾಮಾನ್ಯ. ಆ ದರದಲ್ಲಿ 190 ಗಂಟೆಗೇ 38 ಸಾವಿರ ಡಾಲರ್. ಎರಡು ಎಂಜಿನ್ ವಿಮಾನ ಇನ್ನೂ ದುಬಾರಿ, ಪ್ರತಿ ಹಂತದ ಕೊನೆಯ ಹಾರಾಟ ಪರೀಕ್ಷೆಯಾದ ಚೆಕ್‌ರೈಡ್‌ಗೆ ಪರೀಕ್ಷಕರ ಶುಲ್ಕ ಬೇರೆ. ಕರಪತ್ರದ ಅಂದಾಜು ಕನಿಷ್ಠ ಗಂಟೆಗಳ ಮೇಲೆ ಹಾಕಿದ್ದಾಗಿರುತ್ತದೆ, ಕನಿಷ್ಠದಲ್ಲಿ ಮುಗಿಸುವವರು ಕಡಿಮೆ. ಹಿಂದಿನ ವರ್ಷ ಪದವಿ ಮುಗಿಸಿದವರು ಸರಾಸರಿ ಎಷ್ಟು ಕಟ್ಟಿದರು ಎಂದು ಪ್ರವೇಶ ಕಚೇರಿಯನ್ನೇ ಕೇಳಬೇಕು. ಬ್ಯಾಂಕಿನಲ್ಲಿ ಸಾಲ ಕೇಳುವಾಗಲೂ ಹಾರಾಟದ ಶುಲ್ಕ ಸಾಲದೊಳಗೆ ಬರುತ್ತದೆಯೇ ಎಂದು ಬರಹದಲ್ಲಿ ಪಡೆಯಿರಿ.

ಹಾಗಾದರೆ ಪದವಿ ಏಕೆ

ಕಾಕ್‌ಪಿಟ್ಟಿನಲ್ಲಿ ಕೂರುವುದೊಂದೇ ಗುರಿ, ಕೆಲಸವೂ ಭಾರತದಲ್ಲೇ ಎಂದಾದರೆ ಅಮೆರಿಕದ ಪದವಿ ಸುತ್ತುದಾರಿ, ದುಬಾರಿಯೂ ಹೌದು. ಡಿಜಿಸಿಎಗೆ ಬೇಕಾದದ್ದು ಭೌತಶಾಸ್ತ್ರ, ಗಣಿತ ಇರುವ ಪಿಯುಸಿ. 1940ರ ದಶಕದಿಂದ ಇರುವ ಜಕ್ಕೂರಿನ ಸರ್ಕಾರಿ ವೈಮಾನಿಕ ಶಾಲೆ, ಈಚೆಗೆ ಬೆಳಗಾವಿ ಮತ್ತು ಕಲಬುರಗಿ ನಿಲ್ದಾಣಗಳಲ್ಲಿ ಬಂದಿರುವ ತರಬೇತಿ ಸಂಸ್ಥೆಗಳು, ಅಮೇಠಿ ಜಿಲ್ಲೆಯ ಫುರ್ಸತ್‌ಗಂಜ್‌ನ ರಾಷ್ಟ್ರೀಯ ಅಕಾಡೆಮಿ, ಇವೆಲ್ಲ ಹತ್ತಿರದ ದಾರಿಗಳು.

ಪದವಿಯ ಬೆಲೆ ಇರುವುದು ಬೇರೆಡೆ. ಪೈಲಟ್‌ನ ವೃತ್ತಿ ವೈದ್ಯರ ಒಂದು ಸಹಿಯ ಮೇಲೆ ನಿಂತಿರುತ್ತದೆ. ನಲವತ್ತರಲ್ಲಿ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಬಂದು ಆ ಸಹಿ ನಿಂತರೆ, ಬರೀ ಲೈಸೆನ್ಸ್ ಇದ್ದವರ ಕೈ ಖಾಲಿ. ಪದವಿ ಇದ್ದವರಿಗೆ ಸುರಕ್ಷತಾ ವಿಭಾಗ, ನಿಲ್ದಾಣ ನಿರ್ವಹಣೆ, ವಿಮೆ, ವಿಮಾನ ಗುತ್ತಿಗೆ, ಸ್ನಾತಕೋತ್ತರ ಓದು ಎಂದು ದಾರಿಗಳುಳಿಯುತ್ತವೆ.

ಇನ್ನೊಂದು ಕಾರಣ ತರಗತಿಯೊಳಗಿದೆ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ವಿಮಾನ ಹಾರುವ ಸ್ಥಿತಿಯಲ್ಲೇ ಇತ್ತು. ಕ್ಯಾಪ್ಟನ್ ಬಹಳ ಅನುಭವಿ, ಆದರೆ ಹಾರಾಟದ ಬಹುಭಾಗ ನಿದ್ದೆಯಲ್ಲಿದ್ದು ಎದ್ದಿದ್ದರು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಕೋ-ಪೈಲಟ್ ಮೂರು ಬಾರಿ ಹೇಳಿದರೂ ನಿರ್ಧಾರ ಬದಲಾಗಲಿಲ್ಲ ಎಂದು ತನಿಖಾ ವರದಿ ದಾಖಲಿಸಿತು. 1977ರಲ್ಲಿ ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಎರಡು ಜಂಬೋ ವಿಮಾನ ಡಿಕ್ಕಿಯಾಗಿ 583 ಜನ ಸತ್ತಾಗಲೂ ಹಿರಿಯ ಕ್ಯಾಪ್ಟನ್ನರ ಆತುರದ ಎದುರು ಕಿರಿಯರ ಅನುಮಾನದ ಮಾತು ನಿಲ್ಲಲಿಲ್ಲ. ಹಿರಿಯರಿಗೆ ಎದುರು ಹೇಳುವುದು ಹೇಗೆ, ಕೇಳಿಸಿಕೊಳ್ಳುವುದು ಹೇಗೆ ಎಂಬುದನ್ನು ಇಂಥ ಪ್ರಕರಣಗಳ ಧ್ವನಿಮುದ್ರಿಕೆಯ ದಾಖಲೆ ಬಿಡಿಸಿಟ್ಟು ಸೆಮಿಸ್ಟರಿಡೀ ಚರ್ಚಿಸುತ್ತಾರೆ. ಗುರುಹಿರಿಯರ ಮುಂದೆ ತಲೆ ಬಗ್ಗಿಸಿ ಬೆಳೆದ ನಮ್ಮ ಮಕ್ಕಳಿಗೆ ಬಹುಶಃ ಅತಿ ಕಷ್ಟದ ಪಾಠವೂ ಇದೇ, ಅತಿ ಬೇಕಾದದ್ದೂ ಇದೇ.

ಊರಿಗೆ ಮರಳುವಾಗ

ಡಿಜಿಸಿಎಗೆ ವಿದೇಶಿ ಲೈಸೆನ್ಸ್ ತೋರಿಸಿ ಇಲ್ಲಿನದನ್ನು ಪಡೆಯುವುದಕ್ಕೆ ಜನ ಕನ್ವರ್ಷನ್ ಎನ್ನುತ್ತಾರೆ. ವಾಯು ನಿಯಮ, ನ್ಯಾವಿಗೇಶನ್, ಹವಾಮಾನದ ಪರೀಕ್ಷೆ ಬರೆಯಬೇಕು, ರೇಡಿಯೋ ಲೈಸೆನ್ಸ್ ಬೇಕು, ಕ್ಲಾಸ್ 1 ಚಾಲ್ತಿಯಲ್ಲಿರಬೇಕು, ನಿಮ್ಮ ಲೈಸೆನ್ಸ್ ಅಸಲಿ ಎಂದು ಎಫ್‌ಎಎ ಕಡೆಯಿಂದ ದೃಢೀಕರಣ ಬರಬೇಕು. ಪರೀಕ್ಷೆಗೆ ಬೇಕಾದ ಕಂಪ್ಯೂಟರ್ ನಂಬರ್ ಪಿಯುಸಿ ಅಂಕಪಟ್ಟಿಯ ಮೇಲೆ ಸಿಗುತ್ತದೆ, ವಿಮಾನ ಹತ್ತುವ ಮೊದಲೇ ಮಾಡಿಸಿಟ್ಟರೆ ಒಂದು ಓಡಾಟ ತಪ್ಪುತ್ತದೆ. ಅರ್ಜಿಗೆ ಹಿಂದಿನ ಆರು ತಿಂಗಳ ಹಾರಾಟವನ್ನೂ ನೋಡುತ್ತಾರೆ. ಎರಡನೇ ವರ್ಷಕ್ಕೇ ಕಮರ್ಷಿಯಲ್ ಮುಗಿಸಿ ಉಳಿದೆರಡು ವರ್ಷ ಬರೀ ಪುಸ್ತಕ ಓದಿದವರಿಗೆ ಇದು ಎಡವುಗಲ್ಲು. ಕೊನೆಯ ಸೆಮಿಸ್ಟರಿಗೂ ಸ್ವಲ್ಪ ಹಾರಾಟ ಉಳಿಸಿಕೊಳ್ಳಿ.

ಪರೀಕ್ಷೆಯ ಓದೂ ಪೂರ್ತಿ ಹೊಸದೇ. ಅಲ್ಲಿ ವಾಯುಭಾರವನ್ನು ಪಾದರಸದ ಅಂಗುಲಗಳಲ್ಲಿ, 29.92 ಎಂದು ಹೇಳುತ್ತಾರೆ. ಇಲ್ಲಿ ಹೆಕ್ಟೋಪಾಸ್ಕಲ್‌ನಲ್ಲಿ, 1013 ಎಂದು. ಅಲ್ಲಿ ಕಣ್ಣಿಗೆ ಕಾಣುವ ದೂರ ಮೈಲಿಗಳಲ್ಲಿ, ಇಲ್ಲಿ ಮೀಟರ್‌ಗಳಲ್ಲಿ. ಅಲ್ಲಿ ಇಡೀ ದೇಶಕ್ಕೆ 18 ಸಾವಿರ ಅಡಿಯಲ್ಲಿ ಎತ್ತರ ತೋರಿಸುವ ಆಲ್ಟಿಮೀಟರನ್ನು 29.92ಕ್ಕೆ ತಿರುಗಿಸುತ್ತಾರೆ, ಇಲ್ಲಿ ನಿಲ್ದಾಣದಿಂದ ನಿಲ್ದಾಣಕ್ಕೆ ಆ ಎತ್ತರ ಬೇರೆ, ಅದಕ್ಕಿಂತ ಬಹಳ ಕೆಳಗೆ. ರೇಡಿಯೋದಲ್ಲಿ ಅವರು ‘ಪಾಯಿಂಟ್’ ಎನ್ನುವಲ್ಲಿ ನಾವು ‘ಡೆಸಿಮಲ್’ ಎನ್ನುತ್ತೇವೆ. ಇದೆಲ್ಲ ಮುಗಿದು ಭಾರತದ ಲೈಸೆನ್ಸ್ ಕೈಗೆ ಬಂದಮೇಲೂ ಏರ್‌ಲೈನ್ ಸೇರಲು ಏರ್‌ಬಸ್ 320ರಂಥ ನಿರ್ದಿಷ್ಟ ವಿಮಾನವನ್ನು ಹಾರಿಸುವ ಅರ್ಹತೆ, ಟೈಪ್ ರೇಟಿಂಗ್, ಆಗಬೇಕು, ಅದಕ್ಕೆ ಮತ್ತೆ ಲಕ್ಷಗಳ ಲೆಕ್ಕ. ಮನೆಯಲ್ಲಿ ಬಜೆಟ್ ಹಾಕುವಾಗ ಪದವಿ ಪ್ರದಾನದ ದಿನಕ್ಕೆ ಗೆರೆ ಎಳೆಯದೆ, ಟೈಪ್ ರೇಟಿಂಗ್ ಮುಗಿದು ಮೊದಲ ಸಂಬಳ ಬರುವ ತಿಂಗಳವರೆಗೆ ಹಾಕಿ.